ಸಾವಿರ ವ್ಯಾಟ್ ಬೇಡ

ಕುಷಾಯಿಗೂಡ, ಹೈದರಾಬಾದ್
ಬುಧವಾರ, 10 ಸೆಪ್ಟೆಂಬರ್ 2008

ಚಿರಂಜೀವಿ ಶೀತಲಳಿಗೆ,

ನಿಮ್ಮವ್ವ ಬರೆಯುವುದು. ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕು. ನನ್ನ ಮೊಣಕಾಲು ಬಿಟ್ಟರೆ ಕ್ಷೇಮ. ನಿಮ್ಮಪ್ಪ ಎಂದಿನಂತೆ ಬೆಳಿಗ್ಗೆ ಪಟಾನ್‌ಚೆರುವಿನ ಬಸ್ಸು ಹಿಡಿಯುತ್ತಾರೆ, ಸಂಜೆ ಔಷಧಿ ಫ್ಯಾಕ್ಟರಿಯ ವಾಸನೆ ಹೊತ್ತು ಬಂದು, ಉಂಡು, ಟಿವಿ ಮುಂದೆ ಕೂತಲ್ಲೇ ಗೊರಕೆ ಹೊಡೆಯುತ್ತಾರೆ. ಎಂಟು ತಿಂಗಳಿಂದ ಈ ಮನೆಯಲ್ಲಿ ಬಾಯಿ ಬಿಡುವುದೆಂದರೆ ಕುಕ್ಕರ್ ಒಂದೇ.

ನಿನ್ನ ಚೀಟಿಯನ್ನೂ ಕಂಪ್ಯೂಟರಿನ ಪಟ್ಟಿಯನ್ನೂ ವೈಜನಾಥ ಮಾಮ ಸೋಮವಾರ ತಂದುಕೊಟ್ಟ. "ಅಕ್ಕಾ, ಶೀತಲ ಕೊಟ್ಟಾಳ" ಎಂದಷ್ಟೇ ಹೇಳಿ, ಚಹಾ ಕೂಡ ಕುಡಿಯದೆ ಹೋದ. ನಾನು ಅವನೆದುರು ಅಳುತ್ತೇನೆಂದು ಹೆದರಿದನೋ ಏನೋ. ಅವನು ಹೋದ ಮೇಲೆ ಅತ್ತುಬಿಟ್ಟೆ. ಮಾಧಾಪುರದ ನಿನ್ನ ಹಾಸ್ಟೆಲಿನಿಂದ ಇಲ್ಲಿಗೆ ಎರಡು ಬಸ್ಸಿನ ದಾರಿ. ನೀನೂ ಹತ್ತಲಿಲ್ಲ, ನಾನೂ ಹತ್ತಲಿಲ್ಲ.

ಚೀಟಿಯಲ್ಲಿ ಇದ್ದದ್ದು ನಾಲ್ಕೇ ಸಾಲು. "ಅವ್ವಾ, ಹ್ವಾದ ಸಲ ತಪ್ಪು ನಂದೇ ಇತ್ತು. ಅಗ್ಗದ ಪವರ್ ಸಪ್ಲೈ ಹಾಕಿ ಎಲ್ಲಾ ಸುಟ್ಕೊಂಡೆ, ಸಿಟ್ಟು ನಿನ್ನ ಮ್ಯಾಲ ತೆಗದೆ. ಈ ಸಲ ಪಟ್ಟಿ ನೀನೇ ನೋಡು. ನೀ ಹೂಂ ಅಂದ್ರ ಐತವಾರ ಸಾಮಾನು ತಗೊಂಡು ಮನಿಗೇ ಬರ್ತೀನಿ, ಇಬ್ಬರೂ ಕೂಡಿ ಜೋಡಸೂಣು." ಎಷ್ಟು ಸಲ ಓದಿದೆನೋ ತಿಳಿಯದು. ಮಗಳು ಮನೆಗೆ ಬರುತ್ತಾಳೆ, ನಾನು ಹೂಂ ಎಂದರೆ ಸಾಕು. ಎರಡು ದಿನದಿಂದ ಆ ಒಂದು ಅಕ್ಷರ ಬರೆಯಲಾಗದೆ ಕೂತಿದ್ದೇನೆ.

ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ಹೇಳಬೇಕಾದ್ದನ್ನು ಬಿಟ್ಟು ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಕಾಗದವೇ ವಾಸಿ.

ಮೊದಲು ನಿನ್ನ ಪಟ್ಟಿ. ಕ್ವಾಡ್ ಕೋರ್ ಪ್ರೊಸೆಸರ್ ಸರಿ. ರಾಮ್ ನಾಲ್ಕು ಜಿಬಿ ಸರಿ, ಎರಡೆರಡರ ಜೋಡಿಯಾಗಿ ತೆಗೆದುಕೋ. ಮದರ್‌ಬೋರ್ಡಿನ ಬಗ್ಗೆ ನನ್ನ ತಕರಾರಿಲ್ಲ. ಕ್ಯಾಬಿನೆಟ್ಟಿಗೆ ನೀಲಿ ದೀಪದ ಫ್ಯಾನು ನಾಲ್ಕು ಬರೆದಿದ್ದೀ. ದೀಪ ಇದ್ದ ಮಾತ್ರಕ್ಕೆ ಗಾಳಿ ಹೆಚ್ಚು ಬರುವುದಿಲ್ಲ ತಾಯಿ, ಆದರೂ ಇರಲಿ, ಮದುವೆ ಮಂಟಪದ ಹಾಗೆ ಮಿಂಚಲಿ.

ತಪ್ಪಿರುವುದು ಕೊನೆಯ ಎರಡು ಸಾಲಿನಲ್ಲಿ. ಪವರ್ ಸಪ್ಲೈ ಸಾವಿರ ವ್ಯಾಟಿನದು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀ. ಅದಕ್ಕೆ ದುಡ್ಡು ಹೊಂದಿಸುವುದಕ್ಕಾಗಿ ಗ್ರಾಫಿಕ್ಸ್ ಕಾರ್ಡನ್ನು ಹೋದ ಸಲದ್ದಕ್ಕಿಂತಲೂ ಕೆಳಗಿನದಕ್ಕೆ ಇಳಿಸಿದ್ದೀ. ಆಟದ ಕಂಪ್ಯೂಟರಿಗೆ ಕಾರ್ಡೇ ಜೀವ, ಚಿತ್ರ ಓಡಿಸುವುದು ಅದೇ ಎಂದು ನೀನು ನಿಮ್ಮಪ್ಪನಿಗೆ ವಿವರಿಸುತ್ತಿದ್ದದ್ದು ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು. ಈ ಕಾರ್ಡ್ ಹಾಕಿದರೆ ನಿನ್ನ ರೇಸಿನ ಗಾಡಿ ತಿರುವಿನಲ್ಲಿ ತಡವರಿಸುತ್ತದೆ, ಸ್ಪರ್ಧೆಯಲ್ಲಿ ನೀನು ಸೋಲುತ್ತೀ.

ಎಲೆಕ್ಟ್ರಾನಿಕ್ಸ್ ಪ್ಲಾಂಟಿನ ತಪಾಸಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಪವರ್ ಸಪ್ಲೈಗಳನ್ನೇ ನೋಡಿದವಳು ನಾನು. ಯಾವ ಭಾಗಕ್ಕೂ ಅದರ ತಾಕತ್ತಿನ ಅರ್ಧದಷ್ಟೇ ಕೆಲಸ ಕೊಡಬೇಕು, ಆಗ ಅದು ಬಾಳುತ್ತದೆ ಎಂಬುದು ನಮ್ಮಲ್ಲಿನ ರೂಢಿ. ನಿನ್ನ ಯಂತ್ರ ದೊಡ್ಡ ಕಾರ್ಡ್ ಹಾಕಿದರೂ ಮುನ್ನೂರು ಚಿಲ್ಲರೆ ವ್ಯಾಟ್ ಎಳೆದೀತು. ಆ ರೂಢಿಯ ಪ್ರಕಾರ ಆರುನೂರೈವತ್ತು ಧಾರಾಳವಾಯಿತು. ಸಾವಿರ ಬೇಡ. ಉಳಿದ ದುಡ್ಡನ್ನೆಲ್ಲ ಕಾರ್ಡಿಗೆ ಹಾಕು.

ಇಲ್ಲಿಗೇ ಸಹಿ ಹಾಕಿ ಮುಗಿಸಬೇಕೆಂದಿದ್ದೆ. ಆದರೆ ನೀನು ನಂಬುವುದಿಲ್ಲ. ಹೋದ ಸಲವೂ ಲೆಕ್ಕಕ್ಕೆ ಸಾಕಾಗುವಷ್ಟು ಇತ್ತಲ್ಲ, ಆದರೂ ಸುಟ್ಟಿತಲ್ಲ ಎನ್ನುತ್ತೀ. ಹೆದರಿ ಆ ಸಾವಿರದ್ದನ್ನೇ ತರುತ್ತೀ. ನಿನ್ನಲ್ಲಿ ಆ ಹೆದರಿಕೆ ಹಾಕಿದವಳು ನಾನು.

ನಿನ್ನೆ ಬೆಲೆ ವಿಚಾರಿಸಲು ಸಿಕಂದರಾಬಾದಿನಲ್ಲಿ ಮೌನಪ್ಪನ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಜನವರಿಯಲ್ಲಿ ನೀನು ಸುಟ್ಟ ಸಪ್ಲೈಯನ್ನು ಅವನ ಗಲ್ಲೆಯ ಮೇಲೆ ಇಟ್ಟು, ಕಳಪೆ ಮಾಲು ಮಾರುತ್ತೀ ಎಂದು ಹತ್ತು ಜನರೆದುರು ಅಂದು ಬಂದಿದ್ದೆಯಲ್ಲ. ಅವನು ನನಗೆ ಸ್ಟೂಲು ಹಾಕಿ, ಚಹಾ ತರಿಸಿ, ಮೆಲ್ಲಗೆ ಹೇಳಿದ. "ಅಕ್ಕಾರ, ಅದನ್ನ ಬಿಚ್ಚಿ ನೋಡೀನ್ರಿ. ಅದು ತಾನಾಗಿ ಸುಟ್ಟಿದ್ದಲ್ರಿ. ನಿಮ್ಮ ಮನಿ ಮಾತು ಅಂತ ಸುಮ್ಮನಿದ್ದೆ." ನಾನು ಚಹಾ ಕುಡಿದು, ಬೆಲೆ ಬರೆದುಕೊಂಡು ಬಂದೆ. ಅವನಿಗೂ ನಾನೇನೂ ಹೇಳಲಿಲ್ಲ.

ಈಗ ಹೇಳುತ್ತೇನೆ. ಆ ಸಪ್ಲೈಯ ಬೆನ್ನಿಗೆ ಒಂದು ಕೆಂಪು ಸ್ವಿಚ್ಚಿತ್ತು. ಒಂದು ಕಡೆ 230, ಇನ್ನೊಂದು ಕಡೆ 115. ನಮ್ಮ ದೇಶದ ಕರೆಂಟಿಗೆ ಅದು 230ರಲ್ಲೇ ಇರಬೇಕು, ಇಲ್ಲದಿದ್ದರೆ ಚಾಲೂ ಮಾಡಿದ ತಕ್ಷಣ ಸಿಡಿಯುತ್ತದೆ. ಪ್ಲಾಂಟಿನಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ಹೇಳಿಕೊಡುತ್ತಿದ್ದದ್ದೇ ಇದನ್ನು. ನಿನ್ನ ಆ ರೇಸಿನ ಆಟದ ಸ್ಪರ್ಧೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ನೀನು ತಲೆಗೆ ಎರೆದುಕೊಳ್ಳಲು ಹೋದಾಗ ನಾನು ಆ ಸ್ವಿಚ್ಚನ್ನು 115ಕ್ಕೆ ಸರಿಸಿದೆ. ನೀನು ಒದ್ದೆ ಕೂದಲಲ್ಲೇ ಬಂದು ಗುಂಡಿ ಒತ್ತಿದೆ.

ಬರೀ ಫ್ಯೂಜು ಹೋಗುತ್ತದೆ, ಎರಡು ದಿನದಲ್ಲಿ ರಿಪೇರಿ ಆಗುತ್ತದೆ ಎಂದುಕೊಂಡಿದ್ದೆ. ಬೋರ್ಡು, ಕಾರ್ಡು ಎಲ್ಲ ಹೋಗುತ್ತದೆಂದು ಎಣಿಸಿರಲಿಲ್ಲ. ಎರಡು ವರ್ಷ ಕಾಲ್ ಸೆಂಟರಿನಲ್ಲಿ ಗಂಟಲು ಹರಿದುಕೊಂಡು ಕೂಡಿಸಿದ್ದು ನಿನ್ನ ಕಣ್ಣೆದುರೇ ಹೊಗೆಯಾಯಿತು. ನೀನು ಗೋಡೆಗೆ ಮುಖ ಮಾಡಿ ಅಳುತ್ತಿದ್ದಾಗ ನಾನು ಸ್ವಿಚ್ಚನ್ನು ಮತ್ತೆ 230ಕ್ಕೆ ತಂದಿಟ್ಟೆ. ಆಮೇಲೆ ಬೇರೆ, "ಅಗ್ಗದ್ದು ತಂದ್ರ ಹಿಂಗ ಆಗತೈತಿ" ಎಂದೆ. ಆ ಮಾತಿಗೇ ಅಲ್ಲವೇ ನೀನು ಸೋಮವಾರ ಚೀಲ ಹೊತ್ತು ಹೊರಟದ್ದು.

ಯಾಕೆ ಮಾಡಿದೆ ಎಂದು ಕೇಳುತ್ತೀ. ಮರುದಿನ ಗಂಡಿನ ಕಡೆಯವರು, ಆ ಭಾಲ್ಕಿಯವರು, ನಿನ್ನನ್ನು ನೋಡಲು ಬರುವವರಿದ್ದರು. ನೀನು ಸ್ಪರ್ಧೆ ಬಿಡುವುದಿಲ್ಲ ಎಂದಿದ್ದೆ. ಒಂದು ದಿನ ನಿನ್ನನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕಿತ್ತು. ತಾಯಂದಿರು ಇಂಥ ಮೂರ್ಖತನ ಮಾಡುತ್ತಾರೆ.

ಈ ಎಂಟು ತಿಂಗಳು ಸುಳ್ಳನ್ನು ಕಾಪಾಡಿ ಕಾಪಾಡಿ ನನಗೆ ದಣಿವಾಗಿದೆ, ಶೀತಲಾ. ಹೂಂ ಎಂದು ಬರೆದಿದ್ದರೆ ಐತವಾರ ನೀನು ಬರುತ್ತಿದ್ದೆ, ನನ್ನ ಪಕ್ಕದಲ್ಲಿ ಕೂತು ಸ್ಕ್ರೂ ತಿರುಗಿಸುತ್ತಿದ್ದೆ, ತಪ್ಪು ನಂದೇ ಅವ್ವಾ ಎಂದು ಇನ್ನೊಂದು ಸಲ ಅನ್ನುತ್ತಿದ್ದೆ. ಅದನ್ನು ಕೇಳಿಕೊಂಡು ಕೂರುವ ಶಕ್ತಿ ನನ್ನಲ್ಲಿ ಇಲ್ಲ. ನೀನು ಆರಿಸಿದ ಸಾಮಾನಿನಲ್ಲಿ ಯಾವ ದೋಷವೂ ಇರಲಿಲ್ಲ. ಜೋಡಿಸಿದ್ದರಲ್ಲೂ ಇರಲಿಲ್ಲ. ವೈರುಗಳನ್ನು ಎಷ್ಟು ನೀಟಾಗಿ ಕಟ್ಟಿದ್ದೆಯೆಂದರೆ, ನಮ್ಮ ವಿಭಾಗಕ್ಕೆ ಬಂದಿದ್ದರೆ ನಾನು ಎರಡನೇ ಸಲ ನೋಡದೆ ಪಾಸು ಮಾಡುತ್ತಿದ್ದೆ.

ಪಟ್ಟಿಯನ್ನು ತಿದ್ದಿ, ಪರಿಶೀಲಿಸಿದೆ ಎಂದು ಬರೆದು ಸಹಿ ಮಾಡಿ ಇದರ ಜೊತೆಗೆ ಇಟ್ಟಿದ್ದೇನೆ. ಈಗಿನ ಒಳ್ಳೆಯ ಸಪ್ಲೈಗಳಿಗೆ ಆ ಸ್ವಿಚ್ಚೇ ಇರುವುದಿಲ್ಲವಂತೆ, ಅಂಥದ್ದನ್ನೇ ತೆಗೆದುಕೋ. ನಾಳೆ ಮೌನಪ್ಪನಲ್ಲಿಗೆ ಹೋಗಿ ನಡೆದದ್ದನ್ನು ಹೇಳಿ ಬರುತ್ತೇನೆ. ಐತವಾರ ಬರುವುದು ಬಿಡುವುದು ನಿನ್ನಿಷ್ಟ. ಬರದಿದ್ದರೆ ನಾನು ಸಿಟ್ಟಾಗುವುದಿಲ್ಲ, ಆ ಹಕ್ಕು ನನಗಿಲ್ಲ.

ನಿಮ್ಮವ್ವ,
ಸುಂದರಾಬಾಯಿ

ತಾ.ಕ.: ಮೇಲೆ ಭಾಲ್ಕಿಯವರ ಮಾತು ಬರೆದೆನಲ್ಲ, ಅದೂ ನಿಜವಲ್ಲ. ತಾವು ಬರುವುದಿಲ್ಲವೆಂದು ಅವರು ಶುಕ್ರವಾರವೇ ಫೋನು ಮಾಡಿದ್ದರು. ಫೋನು ಎತ್ತಿದವಳು ನಾನೇ, ಯಾರಿಗೂ ಹೇಳಲಿಲ್ಲ. ಶನಿವಾರ ನಿನ್ನನ್ನು ತಡೆಯಲು ನನಗೆ ಯಾವ ಕಾರಣವೂ ಉಳಿದಿರಲಿಲ್ಲ. ಮೂರು ವಾರ ನೀನು ನಡುಮನೆಯಲ್ಲಿ ಆ ಯಂತ್ರ ಜೋಡಿಸಿದೆ. ಸಲಹೆಗೆ ನೀನು ಮೌನಪ್ಪನನ್ನು ಕೇಳಿದೆ, ಆಫೀಸಿನವರನ್ನು ಕೇಳಿದೆ, ಕ್ಯಾಬಿನೆಟ್ಟಿನ ಬಣ್ಣ ಯಾವುದಿರಲಿ ಎಂದು ನಿಮ್ಮಪ್ಪನನ್ನೂ ಕೇಳಿದೆ. ನಾನು ಪ್ಲಾಂಟು ಬಿಟ್ಟು ಆಗಿನ್ನೂ ಎರಡು ತಿಂಗಳು. ದಿನಾ ನಿನ್ನ ಹಿಂದೆಯೇ ಕೂತು ಕಾಯಿಪಲ್ಯ ಹೆಚ್ಚುತ್ತಿದ್ದೆ. ನನ್ನನ್ನು ನೀನು ಒಂದು ಮಾತೂ ಕೇಳಲಿಲ್ಲ. ಅಷ್ಟಕ್ಕೇ ಮಾಡಿದೆ.