ಕೀಳದೆ ಉಳಿದ ಬೆರಕೆ

ತಂಗಿ ಸಣ್ಣವ್ವಾ,

ಇವತ್ತು ಮರಳಿ ಊರಿನ ಬೀಜದ ಭತ್ತದ ಗದ್ದೆಯಲ್ಲಿ ಬೆರಕೆ ಕೀಳುತ್ತಿದ್ದೆವು. ಬೇರೆ ತಳಿಯ ಗಿಡಗಳನ್ನು ಹೂವಾಡುವ ಮೊದಲೇ ಕಿತ್ತೊಗೆಯದಿದ್ದರೆ ಇಡೀ ಬೀಜ ಕೆಡುತ್ತದೆ, ನಿನಗೆ ಗೊತ್ತಿರುವುದೇ. ನೀನು ತೀರಿಹೋದ ಮೇಲೆ ನರ್ಸಿಂಗ್ ಸೇರಿದ ನಿನ್ನ ಮಗಳು ನೀಲವ್ವ ರಜೆಗೆ ಬಂದಿದ್ದಾಳೆ. ಕಿತ್ತ ಗಿಡವೊಂದನ್ನು ಹಿಡಿದುಕೊಂಡೇ ಹೇಳಿದಳು.

“ದೊಡ್ಡವ್ವ, ರೋಗದ ಜೋಡಿ ಹೊಡೆದಾಡೋ ಜೀವಕೋಶದಾಗ ಕೆಲವು ನಮ್ಮ ಮೈಯನ್ನ ವೈರಿ ಅಂತ ತಿಳಿತಾವ. ಬಲಿಯೋಕ್ಕಿಂತ ಮೊದ್ಲ ಅವು ಸಾಯಬೇಕು. ಅವ್ವನ ಮೈಯಾಗ ಅಂಥವು ಸಾಯಲಾರದ ಉಳಕೊಂಡಿದ್ವು. ಬಿಸಿಲು ಬಿದ್ದಷ್ಟೂ ಅವು ಕೆರಳಿದ್ವು.”

ನಾನು ಮುಂದಿನ ಗಿಡಕ್ಕೆ ಕೈ ಹಾಕಿದೆ. ಕೆನ್ನೆ ಉರಿಯುತ್ತದೆ, ಗೆಣ್ಣು ನೋಯುತ್ತದೆ ಎಂದು ನೀನು ಬದುವಿನ ಮೇಲೆ ಕೂತ ದಿನಗಳಲ್ಲಿ ನಾಟಿಯ ಹೆಣ್ಣಾಳುಗಳಿಗೆ ನಾನೇ ಮುಂದಾಳು. ನಿನ್ನನ್ನು ಎಬ್ಬಿಸಿ ಕೆಸರಿಗಿಳಿಸುತ್ತಿದ್ದವಳೂ ನಾನೇ.

ಮಧ್ಯಾಹ್ನ ನೀಲವ್ವನ ಕೆನ್ನೆಯೂ ಕೆಂಪಾಗಿತ್ತು. ಬೇವಿನ ನೆರಳಿಗೆ ಹೋಗಿ ಕೂಡು ಎಂದೆ. ಅವಳು ನಕ್ಕಳು.

“ಬಿಸಿಲಿಗೆ ಅಂಜಿದ್ರ ಉಣ್ಣಾಕ ಯಾರು ಹಾಕ್ತಾರ, ದೊಡ್ಡವ್ವ? ಅವ್ವ ಯಾವಾಗಲೂ ಹಿಂಗ ಅಂತಿದ್ಲು.”

ನಿನಗೆ ಆ ಮಾತು ಅಂದವರು ಯಾರು ಎಂದು ನೀನು ಕಡೆಯವರೆಗೂ ಅವಳಿಗೆ ಹೇಳಿಲ್ಲ, ಸಣ್ಣವ್ವಾ.