ಬಲಗೆನ್ನೆಯ ಅಳತೆ

ಕೆಲಗೇರಿ,
ಸೋಮವಾರ

ಡಾಕ್ಟರ್ ಸಾಹೇಬರಿಗೆ ನೀಲಾಂಬಿಕೆಯ ಶರಣಾರ್ಥಿ.

ಹೋದ ವಾರ ಎಡಗೆನ್ನೆಯ ಎಲುಬು ಮುರಿದುಕೊಂಡು ನಿಮ್ಮಲ್ಲಿಗೆ ಬಂದಿದ್ದವಳು ನಾನು. ಮೆಟ್ಟಿಲ ಮೇಲಿಂದ ಬಿದ್ದಳೆಂದು ನಿಮಗೆ ಹೇಳಿದವರು ನಮ್ಮ ಯಜಮಾನರು. ಸ್ಕ್ಯಾನ್ ಆದ ಮೇಲೆ ನೀವು ನನ್ನ ತಲೆಬುರುಡೆಯನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ತೋರಿಸುತ್ತ, "ಬಲಗಡಿ ಛಲೋ ಐತಿ. ಅದರ ಅಳತಿ ಹಿಡದು ಎಡಗಡಿ ಕೂಡಸ್ತೇವಿ" ಎಂದಿರಿ. ಬಲಗಡೆಯೂ ತುಸು ತಗ್ಗಿದೆಯಲ್ಲ ಎಂದು ನಿಮ್ಮ ಸಹಾಯಕರು ಕೇಳಿದಾಗ, "ಹುಟ್ಟಿದಾಗಿಂದ ಹಂಗ ಐತ್ರಿ" ಎಂದವರೂ ಇವರೇ.

ಅಂದಿನಿಂದ ಇವರು ಮನೆಯಲ್ಲಿ ಬಹಳ ಮೆತ್ತಗೆ ಮಾತಾಡುತ್ತಾರೆ. ನಾನು ರೊಟ್ಟಿ ಬಡಿಸುವಾಗ ನನ್ನ ಬಲಗೆನ್ನೆಯನ್ನೇ ನೋಡುತ್ತಿರುತ್ತಾರೆ. ಕನ್ನಡಿಯ ಮುಂದೆ ನಿಂತರೆ ನನಗೆ ಮುಖ ಕಾಣುವುದಿಲ್ಲ, ಆ ಬಿಳಿ ಬುರುಡೆಯೇ ನಿಧಾನವಾಗಿ ನನ್ನ ಕಡೆ ತಿರುಗುತ್ತದೆ.

ಸಾಹೇಬರೇ, ದಯವಿಟ್ಟು ಬಲಗೆನ್ನೆಯ ಅಳತೆ ಹಿಡಿಯಬೇಡಿ. ಆ ತಗ್ಗು ಹುಟ್ಟಿದಾಗಿನದಲ್ಲ. ಈ ವಿಷಯ ಕೇಳಲು ಫೋನ್ ಮಾಡಬೇಡಿ. ನಮ್ಮ ಮನೆಯಲ್ಲಿ ಫೋನ್ ಎತ್ತುವವರು ಇವರು.

ಈ ಪತ್ರ ತಂದು ನಿಮ್ಮ ಎದುರಿಗೆ ನಿಂತಿರುವವಳು ನನ್ನ ತಂಗಿ ಭಾಗ್ಯಶ್ರೀ. ಇದರಲ್ಲಿ ಏನು ಬರೆದಿದ್ದೇನೆಂದು ಅವಳಿಗೆ ಗೊತ್ತಿಲ್ಲ, ಓದಿ ಹೇಳಬೇಡಿ. ಅಕ್ಕತಂಗಿಯರದು ಒಂದೇ ಮುಖ ಎಂದು ತವರಿನಲ್ಲಿ ಎಲ್ಲರೂ ಅನ್ನುತ್ತಿದ್ದರು. ಅಳತೆ ಬೇಕೇ ಬೇಕೆಂದರೆ ಅವಳದನ್ನು ತೆಗೆದುಕೊಳ್ಳಿ. ಅವಳ ಎರಡೂ ಕೆನ್ನೆ ಸರಿಯಾಗಿವೆ. ಅವಳಿಗಿನ್ನೂ ಮದುವೆಯಾಗಿಲ್ಲ.

ನಿಮ್ಮನ್ನು ನಂಬಿರುವ,
ನೀಲಾಂಬಿಕೆ