ಹಿಮಕ್ಕೆ ಹರಡಿದ ಆಲೂಗಡ್ಡೆ

ರೀ ಸಿರಿಲೊ,

ಸಾರು ಒಲೆ ಮೇಲಿದೆ. ಕೊಟ್ಟಿಗೆಯಲ್ಲಿರೋ ಲಾಮಾಗಳಿಗೆ ನೀರು ಕುಡಿಸಿ. ಆಲೂಗಡ್ಡೆಯನ್ನು ಮತ್ತೆ ಅಂಗಳದಲ್ಲಿ ಹರಡಿದ್ದೇನೆ. ರಾತ್ರಿ ಹಿಮಕ್ಕೆ ಕಲ್ಲಾಗಲಿ. ನಾಳೆ ಬಿಸಿಲಿಗೆ ಮೆತ್ತಗಾದ ಮೇಲೆ ಬರಿಗಾಲಲ್ಲಿ ತುಳಿದು ನೀರು ಹಿಂಡಿ. ಬೂಟು ಹಾಕಿಕೊಂಡು ತುಳಿದರೆ ತಿನ್ನುವಾಗ ನನಗೆ ಗೊತ್ತಾಗುತ್ತೆ.

ನಿನ್ನೆ ನೀವು ಮರೀಕೆಯ ಮೇಲೆ ಹಾಗೆ ಎಗರಬಾರದಿತ್ತು. ಪರದೇಶದಿಂದ ನಮ್ಮ ಮನೆಗೆ ಬಂದ ಅತಿಥಿ ಅವಳು. ಅವಳ ಊರಲ್ಲಿ ಹಿಮ ಬಿದ್ದರೆ ಆಲೂಗಡ್ಡೆ ಕೊಳೆತೇ ಹೋಗುತ್ತಂತೆ. ನಾವು ಹಿಮಕ್ಕಿಟ್ಟು, ಒಣಗಿಸಿ, ವರ್ಷಗಟ್ಟಲೆ ಕೆಡದ ಹಾಗೆ ಮಾಡ್ತೀವಿ ಅಂತ ಅವಳಿಗೇನು ಗೊತ್ತು? ನಾವು ಮರೆತು ಹೊರಗೆ ಬಿಟ್ಟೆವೆಂದು ಅಷ್ಟನ್ನೂ ಒಬ್ಬಳೇ ಒಳಗೆ ಹೊತ್ತು, ತನ್ನ ಕಂಬಳಿಯನ್ನು ಅವಕ್ಕೆ ಹೊದಿಸಿ, ತಾನು ನಡುಗುತ್ತಾ ಮಲಗಿದ್ದಳು. ನೀವೋ, "ಈ ಹೆಂಗಸಿಗೆ ತಲೆ ನೆಟ್ಟಗಿದೆಯಾ?" ಅಂದಿರಿ. ನೆಟ್ಟಗಿರೋದಕ್ಕೇ ಒಬ್ಬಳೇ ಮರಳುಗಾಡು ದಾಟಿ, ಕಾಡಿನ ನದಿಯಲ್ಲಿ ದೋಣಿ ಹತ್ತಿ, ಹಿಮದ ಬೆಟ್ಟ ಏರಿ ನಮ್ಮ ಸರೋವರದವರೆಗೂ ಬಂದಿದ್ದಾಳೆ. ಅಷ್ಟೂ ನಮ್ಮ ಪೆರುವೇ! ನಾನು ಕಂಡಿದ್ದು ಪುನೋ ಸಂತೆ ಒಂದೇ.

ಬೆಳಿಗ್ಗೆ ನನ್ನ ಜೊತೆ ಆಲೂಗಡ್ಡೆ ಹರಡುತ್ತಾ ಕೇಳಿದಳು: "ಬೆನಿತಕ್ಕಾ, ನಿಮ್ಮದೇ ದೇಶದ ಸಮುದ್ರ, ನೀವು ನೋಡೇ ಇಲ್ವಾ?"

ಅದಕ್ಕೇ ಸಮುದ್ರ ನೋಡೋದಕ್ಕೆ ಅವಳ ಜೊತೆ ಬಸ್ಸು ಹತ್ತುತ್ತಿದ್ದೇನೆ. ಅಲ್ಲಿ ಬಂದರಿನಲ್ಲಿ ನನ್ನ ತಮ್ಮ ಫೌಸ್ತೊನ ಮನೆಯಿದೆ, ಉಳಿಯೋದಕ್ಕೆ ಯೋಚನೆಯಿಲ್ಲ. ಆಲೂಗಡ್ಡೆ ಒಣಗುವಷ್ಟರಲ್ಲಿ ಬಂದುಬಿಡುತ್ತೇನೆ.

ನನಗೆ ಚಳಿಯಾದೀತೆಂದು ಕೊರಗಬೇಡಿ, ನಿಮ್ಮ ಹೊಸ ಪೊಂಚೋ ಹೊದ್ದು ಹೊರಟಿದ್ದೇನೆ. ಮರೀಕೆ ತನ್ನ ಕಂಬಳಿ ಬಿಟ್ಟು ಹೋಗುತ್ತಿದ್ದಾಳೆ. ಈ ಸಲ ಆಲೂಗಡ್ಡೆಗಲ್ಲ, ನಿಮಗೆ.

ಬೆನಿತಾ